ಕಂಪ್ಯೂಟರ್ ‘ಸ್ಥಗಿತಗೊಂಡಿತು’ ಎಂದರೆ ಆಫ್ ಆಯಿತೋ, ಹ್ಯಾಂಗ್ ಆಯಿತೋ?

ಬಲ್ಲವರಲ್ಲಿ ಒಂದು ಪ್ರಶ್ನೆ. ಕಂಪ್ಯೂಟರ್ ಪೂರ್ತಿಯಾಗಿ ಆಫ್ ಆಗದಿದ್ದರೆ ಏನು ಮಾಡಬೇಕು ಎಂಬ ಒಂದು ಪುಟದ ಸೂಚನೆಯನ್ನು ಪ್ರೌಢಶಾಲೆಯ ಕಂಪ್ಯೂಟರ್ ಕೊಠಡಿಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ಶಟ್ ಡೌನ್’ಗೆ ರೂಢಿಯಲ್ಲಿರುವ ‘ಸ್ಥಗಿತಗೊಳಿಸು’ ಬಳಸಿದರೆ ಇಂಥ ವಾಕ್ಯ ಬರುತ್ತದೆ: ‘ಸ್ಥಗಿತಗೊಳಿಸುವಾಗ ಕಂಪ್ಯೂಟರ್ ಸ್ಥಗಿತಗೊಂಡರೆ ಗುಂಡಿಯನ್ನು ಒತ್ತಿ ಹಿಡಿಯಿರಿ.’ ಮಕ್ಕಳು ಇದನ್ನು ಓದಿ ಏನು ತಿಳಿಯಬೇಕು? ಪತ್ರಿಕೆಗಳಲ್ಲಿ ‘ಸಂಚಾರ ಸ್ಥಗಿತ’, ‘ಕಾಮಗಾರಿ ಸ್ಥಗಿತ’ ಎಂದು ಬಂದಾಗ ನಡೆಯುತ್ತಿದ್ದದ್ದು ನಡುವೆ ನಿಂತಿತು ಎಂದೇ ನಮಗೆ ಅರ್ಥವಾಗುತ್ತದೆ. ಅಂದರೆ ಆ ಪದ ಹ್ಯಾಂಗ್ ಆಗುವುದಕ್ಕೆ ಸರಿ. ಶಟ್ ಡೌನ್‌ಗೆ ಬೇರೆ ಬೇಕು.

ಪದ ಹುಡುಕುವ ಮುನ್ನ ಯಂತ್ರದೊಳಗೆ ಏನಾಗುತ್ತದೆ ಎಂಬುದನ್ನು ಹೇಳಬೇಕು, ಏಕೆಂದರೆ ‘ಆಫ್’ ಎಂಬುದು ಈಗ ಒಂದೇ ಸ್ಥಿತಿಯಲ್ಲ. ವಿಂಡೋಸ್ 95ರ ಕಾಲದ ಅನೇಕ ಯಂತ್ರಗಳಲ್ಲಿ, ಇನ್ನು ಆಫ್ ಮಾಡಬಹುದು ಎಂದು ಕಪ್ಪು ಪರದೆಯ ಮೇಲೆ ಕಿತ್ತಳೆ ಬಣ್ಣದ ಅಕ್ಷರಗಳು ಮೂಡುತ್ತಿದ್ದವು. ನಾವೇ ಸ್ವಿಚ್ ಒತ್ತಿದರೆ ಕರೆಂಟು ಕಡಿದುಹೋಗುತ್ತಿತ್ತು. 1995ರಲ್ಲಿ ಎಟಿಎಕ್ಸ್ ಎಂಬ, ಡೆಸ್ಕ್‌ಟಾಪ್ ಯಂತ್ರಗಳ ಒಳಜೋಡಣೆಯ ವಿನ್ಯಾಸ ಬಂದ ಮೇಲೆ ಮುಂಭಾಗದ ಗುಂಡಿ ಕರೆಂಟನ್ನು ಕಡಿಯುವುದಿಲ್ಲ, ಕಡಿಯುವಂತೆ ಮದರ್‌ಬೋರ್ಡನ್ನು, ಅಂದರೆ ಯಂತ್ರದ ಮುಖ್ಯ ಸರ್ಕ್ಯೂಟ್ ಹಲಗೆಯನ್ನು, ಕೇಳಿಕೊಳ್ಳುತ್ತದೆ ಅಷ್ಟೇ. ಯಂತ್ರಕ್ಕೆ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ ಪೆಟ್ಟಿಗೆಯಿಂದ ಹೊರಡುವ ತಂತಿಗಳ ಗೊಂಚಲನ್ನು ನೋಡಿ: ನೇರಳೆ ತಂತಿಯಲ್ಲಿ, ಯಂತ್ರ ಆಫ್ ಆಗಿದ್ದಾಗಲೂ, 5 ವೋಲ್ಟ್ ಇರುತ್ತದೆ. ಹಸಿರು ತಂತಿಯ ವೋಲ್ಟೇಜನ್ನು ಮದರ್‌ಬೋರ್ಡ್ ಕೆಳಗೆ ಹಿಡಿದಿರುವಷ್ಟು ಹೊತ್ತು ಉಳಿದ ತಂತಿಗಳಿಗೂ ವಿದ್ಯುತ್ ಹರಿಯುತ್ತದೆ. ಪರದೆ ಕಪ್ಪಾದ ಮೇಲೂ ಸಿಪಿಯು ಡಬ್ಬಿಯೊಳಗೆ ಫ್ಯಾನ್ ಗುಂಯ್‌ಗುಡುತ್ತಿದ್ದರೆ, ಹಸಿರು ತಂತಿಯನ್ನು ಬಿಡು ಎಂಬ ಕೊನೆಯ ಆಜ್ಞೆ ಜಾರಿಯಾಗಿಲ್ಲ ಎಂದೇ ಸಾಮಾನ್ಯವಾಗಿ ಅರ್ಥ.

ಈ ಸ್ಥಿತಿಗಳಿಗೆ 1996ರಲ್ಲಿ ಬಂದ ಎಸಿಪಿಐ ಎಂಬ ಮಾನದಂಡ ಹೆಸರಿಟ್ಟಿದೆ. ಎಸ್3 ನಿದ್ದೆ. ಎಸ್4ರಲ್ಲಿ ನೆನಪನ್ನು ಡಿಸ್ಕಿಗೆ ಬರೆದಿಟ್ಟು ಮಲಗುತ್ತದೆ. ಎಸ್5 ಪ್ಲಗ್ ಕೀಳದೆ ಆದ ಆಫ್. ಜಿ3 ಎಂದರೆ ಪ್ಲಗ್ಗನ್ನೇ ಕಿತ್ತ ಸ್ಥಿತಿ. ಗೊಂದಲ ಹೆಚ್ಚಿಸಿದ್ದು 2012ರ ವಿಂಡೋಸ್ 8. ಅದರಲ್ಲಿ ಬಂದ ‘ಫಾಸ್ಟ್ ಸ್ಟಾರ್ಟಪ್’ ಚಾಲೂ ಇದ್ದರೆ, ಶಟ್ ಡೌನ್ ಒತ್ತಿದಾಗ ನಮ್ಮ ಕಾರ್ಯಕ್ರಮಗಳು ಮುಚ್ಚಿಕೊಳ್ಳುತ್ತವೆ, ಆದರೆ ವಿಂಡೋಸ್‌ನ ತಿರುಳಾದ ಕರ್ನೆಲ್, ಮುಂದಿನ ಸಲ ಬೇಗ ಶುರುವಾಗಲೆಂದು, ತನ್ನ ಸ್ಥಿತಿಯನ್ನು ಡಿಸ್ಕಿನಲ್ಲಿ ಬಚ್ಚಿಟ್ಟುಕೊಳ್ಳುತ್ತದೆ. ಪರೀಕ್ಷಿಸುವುದು ಸುಲಭ. ರಾತ್ರಿ ಶಟ್ ಡೌನ್ ಮಾಡಿ ಬೆಳಿಗ್ಗೆ ಟಾಸ್ಕ್ ಮ್ಯಾನೇಜರ್‌ನಲ್ಲಿ ‘ಅಪ್ ಟೈಮ್’ (ಯಂತ್ರ ಶುರುವಾಗಿ ಎಷ್ಟು ಹೊತ್ತಾಯಿತು ಎಂಬುದು) ನೋಡಿದರೆ ಲೆಕ್ಕ ಸೊನ್ನೆಯಿಂದ ಶುರುವಾಗಿರುವುದಿಲ್ಲ. ರೀಸ್ಟಾರ್ಟ್ ಮಾಡಿದರೆ ಆಗುತ್ತದೆ. ಹಳೆಯ ಬಯಾಸ್ (ಮದರ್‌ಬೋರ್ಡಿನಲ್ಲೇ ಇರುವ ಮೂಲ ತಂತ್ರಾಂಶ) ಅಥವಾ ಚಿಪ್‌ಸೆಟ್ ಡ್ರೈವರ್ (ಮದರ್‌ಬೋರ್ಡಿನ ಚಿಪ್‌ಗಳನ್ನು ವಿಂಡೋಸ್‌ಗೆ ಹೊಂದಿಸುವ ತಂತ್ರಾಂಶ) ಇದಕ್ಕೆ ಹೊಂದದಿದ್ದರೆ ಯಂತ್ರ ಅರ್ಧದಲ್ಲೇ ಉಳಿಯಬಹುದು.

ಹಾಗಾಗಿ ನನ್ನ ಸೂಚನೆಯಲ್ಲಿ ಮೊದಲ ಹೆಜ್ಜೆ, ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದು ಶಟ್ ಡೌನ್ ಕ್ಲಿಕ್ ಮಾಡುವುದು. ಆಗ ಪೂರ್ತಿ ಆಫ್ ಆದರೆ ಕಳ್ಳ ಸಿಕ್ಕಂತೆಯೇ; ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ತೆಗೆದುಹಾಕಬೇಕು. ಆಗದಿದ್ದರೆ ಯುಎಸ್‌ಬಿ ಸಾಧನಗಳನ್ನು ಒಂದೊಂದಾಗಿ ಕಿತ್ತು ನೋಡುವುದು, ಆಮೇಲೆ ಡ್ರೈವರ್, ಬಯಾಸ್. ಗುಂಡಿಯನ್ನು 4 ಸೆಕೆಂಡಿಗಿಂತ ತುಸು ಹೆಚ್ಚು ಹೊತ್ತು ಒತ್ತಿ ಹಿಡಿಯುವುದು ಬೇರೆ ದಾರಿಯಿಲ್ಲದಾಗ ಮಾತ್ರ.

ಈಗ ಪದಗಳು. ದೀಪ ಆರುತ್ತದೆ, ಒಲೆ ಆರುತ್ತದೆ, ಆದ್ದರಿಂದ ‘ಆರಿಸು’ ಚೆನ್ನಾಗಿ ಕಾಣುತ್ತದೆ. ಆದರೆ ‘ಫಾಸ್ಟ್ ಸ್ಟಾರ್ಟಪ್ ಆರಿಸಿ’ ಎಂದು ಬರೆದರೆ ಹುಡುಗರು ಅದನ್ನೇ ಆಯ್ದುಕೊಂಡು ಕೂರುತ್ತಾರೆ! ‘ನಂದಿಸು’ ಎಂದರೆ ಅಗ್ನಿಶಾಮಕ ದಳ ನೆನಪಾಗುತ್ತದೆ. ‘ಮುಚ್ಚು’ ಪರದೆಯ ಮೇಲಿನ ಕಿಟಕಿಗಳಿಗೆ ಮೀಸಲಾಗಿದೆ. ಜೀವಶಾಸ್ತ್ರದ ಪುಸ್ತಕದಿಂದ ‘ಶಿಶಿರನಿದ್ರೆ’ಯನ್ನು ಎಸ್4ಕ್ಕೆ ತರಬಹುದು, ಆದರೆ ರಾಯಚೂರಿನ ಏಪ್ರಿಲ್‌ನಲ್ಲಿ ಅದನ್ನು ಗಂಭೀರವಾಗಿ ಹೇಳುವ ಧೈರ್ಯ ನನಗಿಲ್ಲ. ಅರೆ ಆಫ್ ಆದ ಯಂತ್ರಕ್ಕೆ ‘ಬೂದಿ ಮುಚ್ಚಿದ ಕೆಂಡ’ ಒಪ್ಪುತ್ತದೆ, ಆದರೆ ಅದನ್ನು ಗಲಭೆಯ ವರದಿಗಳು ಎಂದೋ ವಶಪಡಿಸಿಕೊಂಡಿವೆ.

ನನ್ನ ಒಲವು ಹುಬ್ಬಳ್ಳಿ–ಧಾರವಾಡದ ಕಡೆ ಮನೆಮನೆಯಲ್ಲಿ ಫ್ಯಾನಿಗೂ ದೀಪಕ್ಕೂ ಹೇಳುವ ‘ಬಂದ್ ಮಾಡು’ ಕಡೆಗೆ. ‘ಪೂರ್ತಿ ಬಂದ್’, ‘ಅರೆಬಂದ್’ ಎಂದು ಎರಡು ಸ್ಥಿತಿಗಳನ್ನೂ ಸಲೀಸಾಗಿ ಹೇಳಬಹುದು. ಮೈಸೂರು, ಮಂಗಳೂರು ಕಡೆಯವರಿಗೆ ‘ಕಂಪ್ಯೂಟರ್ ಅರೆಬಂದ್ ಆಗಿ ಫ್ಯಾನ್ ತಿರುಗುತ್ತಲೇ ಇದ್ದರೆ’ ಎಂಬ ವಾಕ್ಯ ತಟ್ಟನೆ ಅರ್ಥವಾಗುತ್ತದೆಯೇ, ಅಥವಾ ಮುಷ್ಕರದ ಬಂದ್ ಅಡ್ಡ ಬರುತ್ತದೆಯೇ? ನಿಮ್ಮೂರಿನ ರಿಪೇರಿ ಅಂಗಡಿಗಳಲ್ಲಿ ಇದಕ್ಕೆ ಬೇರೆ ಮಾತಿದ್ದರೆ ಅದನ್ನೂ ತಿಳಿಸಿ.