ಪುಟ್ಟಿ ಊರಿಗೆ ಮಿಲಿಟರಿ ಬಂದಿದೆಯಂತೆ, ಹೌದಾ?

ತಂಗೀ, ನಿನ್ನ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ಟೈಪ್ ಮಾಡೋಕೆ ನನ್ನ ಕೈಲಿ ಆಗಲ್ಲ, ಆ ಮಣಿಕಟ್ಟಿನ ವಿಷಯ ನಿಮಗೆ ಗೊತ್ತೇ ಇದೆ. ಅದಕ್ಕೇ ಮಾತಾಡುತ್ತಿದ್ದೇನೆ. ಉದ್ದ ಆಯಿತು ಅಂತ ಅರ್ಧಕ್ಕೆ ಬಿಡಬೇಡಿ. "ಅಣ್ಣಾ, ಪುಟ್ಟಿ ಓದುತ್ತಿರೋ ಅಮೆರಿಕದ ಆಲ್ಬುಕರ್ಕಿಯಲ್ಲಿ ಕಳ್ಳತನ, ಡ್ರಗ್ಸ್ ಜಾಸ್ತಿ ಅಂತ ಮಿಲಿಟರಿ ಇಳಿಸಿದ್ದಾರಂತೆ, ವಾಪಸ್ ಕರೆಸಿಬಿಡಲಾ?" ಅಂತ ಕೇಳಿದ್ದೀಯ. ಅದರ ಕೆಳಗೆ ಪಾಂಡವಪುರದವರು ಟ್ಯಾಂಕ್ ಫೋಟೋ ಬೇರೆ ಹಾಕಿದ್ದಾರೆ. ಅದು ಎಲ್ಲಿಯ ಟ್ಯಾಂಕೋ ಏನೋ. ಮೊದಲು ಅದನ್ನು ಡಿಲೀಟ್ ಮಾಡಿ.

ಬಂದಿರೋದು ನ್ಯಾಷನಲ್ ಗಾರ್ಡ್. ಪೂರ್ತಿ ಸೈನ್ಯ ಅಲ್ಲ. ತಿಂಗಳಲ್ಲಿ ಒಂದು ಶನಿವಾರ-ಭಾನುವಾರ, ವರ್ಷಕ್ಕೆ ಎರಡು ವಾರ ತರಬೇತಿ. ಉಳಿದ ದಿನ ಅವರವರ ಕೆಲಸ. ನಮ್ಮ ಟೆರಿಟೋರಿಯಲ್ ಆರ್ಮಿ ಇಲ್ವಾ, ಆ ಥರ. ನನ್ನಂಥ ಹೋಂಗಾರ್ಡ್‌ನ ದೊಡ್ಡಣ್ಣ ಅಂದುಕೊಳ್ಳಿ. ಸಾಮಾನ್ಯವಾಗಿ ಆ ರಾಜ್ಯದ ಗವರ್ನರ್ ಕೈಕೆಳಗೆ ಇರುತ್ತಾರೆ. ಗವರ್ನರ್ ಅಂದರೆ ಅಲ್ಲಿ ಜನ ವೋಟು ಹಾಕಿ ಆರಿಸಿದವರು, ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ.

ಆದರೂ ಒಂದು ಮಾತು. ಬೇರೆ ಊರಿಂದ ಬಂದ ಯೂನಿಫಾರ್ಮ್ ಎದುರಿಗೆ ನಿಂತಾಗ ಕೈಯನ್ನು ಚೀಲದೊಳಗೆ ಹಾಕಬಾರದು. ಇದು ನನಗೆ ಯಾರೋ ಹೇಳಿದ್ದಲ್ಲ, ಪೆಟ್ಟು ತಿಂದು ಕಲಿತದ್ದು.

2016ರ ಸೆಪ್ಟೆಂಬರ್. ತಮಿಳುನಾಡಿಗೆ ದಿನಕ್ಕೆ 15,000 ಕ್ಯೂಸೆಕ್ ಕಾವೇರಿ ನೀರು ಬಿಡಿ ಅಂತ ಸುಪ್ರೀಂ ಕೋರ್ಟ್ ಹೇಳಿತ್ತಲ್ಲ, ಆ ಗಲಾಟೆಯ ದಿನಗಳು. ಅಕ್ಕನ ಮನೆಯಿಂದ, ಅದೇ ಮಂಡ್ಯದಿಂದ, ಮೈಸೂರಿಗೆ ಹೊರಟಿದ್ದೆ. ಬಸ್ ಇಲ್ಲ. ಯಾರದೋ ಟೆಂಪೋ ಹತ್ತಿ ಶ್ರೀರಂಗಪಟ್ಟಣದ ಹತ್ತಿರ ಇಳಿದೆ. ಅಲ್ಲಿಂದ ನಡಿಗೆ. ರಸ್ತೆಗೆ ಅಡ್ಡಲಾಗಿ ಹೊರಗಿನಿಂದ ಬಂದ ಪಡೆಯವರು ಸಾಲಾಗಿ ನಿಂತಿದ್ದರು. ಹುಡುಗರು ಅಂದರೆ ಹುಡುಗರು, ಮೀಸೆ ಕೂಡ ಸರಿಯಾಗಿ ಬಂದಿರಲಿಲ್ಲ. ಒಬ್ಬ ಹಿಂದಿಯಲ್ಲಿ ಏನೋ ಕೇಳಿದ. ನನಗೆ ಅರ್ಥ ಆಗಲಿಲ್ಲ. ನನ್ನ ತಲೆಯಲ್ಲಿ ಒಂದೇ ಯೋಚನೆ: ನಾನೂ ಖಾಕಿ ಹಾಕಿದವನು, ಕಾರ್ಡ್ ತೋರಿಸಿದರೆ ಸೆಲ್ಯೂಟ್ ಹೊಡೆದು ಬಿಡುತ್ತಾನೆ. ಹೋಂಗಾರ್ಡ್ ಕಾರ್ಡ್ ಇದ್ದದ್ದು ಚೀಲದ ತಳದಲ್ಲಿ. ಅದರ ಮೇಲೆ ಅಕ್ಕ ಕೊಟ್ಟ ಹುಚ್ಚೆಳ್ಳು ಚಟ್ನಿಪುಡಿಯ ಸ್ಟೀಲ್ ಡಬ್ಬ. ಕೈ ಹಾಕಿ ತಡಕಾಡಿದೆ. ಡಬ್ಬ ಟಣ್ ಅಂತು. ಅಷ್ಟೇ. ಲಾಠಿ ಬಿದ್ದದ್ದೇ ಗೊತ್ತಾಗಲಿಲ್ಲ. ನೋಡಿದರೆ ಎಚ್‌ಎಂಟಿ ವಾಚಿನ ಗಾಜು ಪುಡಿಪುಡಿ, ಮುಳ್ಳು ಹನ್ನೊಂದು ಇಪ್ಪತ್ತಕ್ಕೆ ನಿಂತಿದೆ, ಚಟ್ನಿಪುಡಿ ರಸ್ತೆ ತುಂಬ. ಆಮೇಲೆ ನಮ್ಮ ಕಡೆಯ ಕಾನ್‌ಸ್ಟೇಬಲ್ ಒಬ್ಬರು ಓಡಿ ಬಂದು "ಅಯ್ಯೋ, ನಮ್ಮವರು ಕಣ್ರೀ" ಅಂದರು. ಆ ಹುಡುಗ ನನಗಿಂತ ಜಾಸ್ತಿ ನಡುಗುತ್ತಿದ್ದ. ಅವನನ್ನು ಬೈಯೋಕೂ ಮನಸ್ಸಾಗಲಿಲ್ಲ. ಅವನಿಗೆ ಈ ಊರಿನ ಒಂದು ಬೀದಿ ಗೊತ್ತಿಲ್ಲ, ಮಾತು ಗೊತ್ತಿಲ್ಲ. ಚೀಲದಲ್ಲಿ ಚಟ್ನಿಪುಡಿ ಇದೆಯೋ ಮಚ್ಚು ಇದೆಯೋ ಅವನೇನು ಕಂಡ?

ಅದಕ್ಕೇ ಇನ್ನೊಂದು ಸಲ ಹೇಳುತ್ತೇನೆ, ಪುಟ್ಟಿಗೆ ಹೇಳಿ. ಕೈಯನ್ನು ಚೀಲದೊಳಗೆ ಹಾಕಬೇಡ. ಎರಡೂ ಕೈ ಕಾಣೋ ಹಾಗಿರಲಿ. ಅಮೆರಿಕದಲ್ಲಿ ಬರೀ ಲಾಠಿ ಅಲ್ಲ, ಬಂದೂಕೂ ಇರುತ್ತೆ. 1970ರಲ್ಲಿ ಒಹಾಯೋದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಇದೇ ನ್ಯಾಷನಲ್ ಗಾರ್ಡ್‌ನವರು ಗುಂಡು ಹಾರಿಸಿ 4 ವಿದ್ಯಾರ್ಥಿಗಳು ಸತ್ತರು. ಅದು ಗಲಾಟೆ ಅಡಗಿಸೋಕೆ ಕಳಿಸಿದ್ದು, ಪುಟ್ಟಿ ಊರಿಗೆ ಕಳಿಸಿದ್ದು ಅದಕ್ಕಲ್ಲ.

ಹೋಂಗಾರ್ಡ್ ಅಂದರೆ ನಮ್ಮ ಮನೆಯಲ್ಲೇ ಯಾರಿಗೂ ಬೆಲೆ ಇರಲಿಲ್ಲ ಬಿಡಿ. ಎಷ್ಟು ದಸರಾ ಮಾಡಿದೆ ನಾನು! ಸಯ್ಯಾಜಿರಾವ್ ರಸ್ತೆಯಲ್ಲಿ ಬೆಳಿಗ್ಗೆ ಆರರಿಂದ ಹಗ್ಗ ಹಿಡಿದು ನಿಲ್ಲೋದು. ಜನ ಎಲ್ಲ ಅಂಬಾರಿ ನೋಡುತ್ತಾರೆ, ನಾನು ಅಂಬಾರಿಗೆ ಬೆನ್ನು ಹಾಕಿ ಜನರನ್ನು ನೋಡಬೇಕು. ಅದೇ ಕೆಲಸ ತಾನೇ. ನಮ್ಮ ಭಾವನವರು ಗೋಲ್ಡ್ ಕಾರ್ಡ್ ಅನ್ನೋ ದುಬಾರಿ ಟಿಕೆಟ್ ತೆಗೆದುಕೊಂಡು ಮಕ್ಕಳು ಮರಿ ಸಮೇತ ಅರಮನೆ ಒಳಗೆ ಹೋಗಿ ಕೂತರು. ಸಂಜೆ ಅದೇ ದಾರಿಯಲ್ಲಿ ಬಂದವರು ನನ್ನ ಮುಖ ನೋಡಿ, ಗುರುತು ಸಿಕ್ಕದವರ ಹಾಗೆ ಮುಂದೆ ಹೋದರು. ಒಂದು ಬಾಟಲ್ ನೀರು ಕೊಡಬಹುದಿತ್ತು, ಅಲ್ವಾ? ಕೈಗೆ ಬ್ಯಾಂಡೇಜ್ ಹಾಕಿಕೊಂಡು ಬಂದಾಗಲೂ "ನಿನಗ್ಯಾಕೆ ಬೇಕಿತ್ತು ಆ ಕಾರ್ಡಿನ ಜಂಬ" ಅಂದವರೇ ಎಲ್ಲ. ಹೋಗಲಿ. ಈಗ ಯಾಕೆ ಆ ಮಾತು.

ಹಾಂ, ಮುಖ್ಯ ವಿಷಯವೇ ಮರೆತೆ. ಮೊಮ್ಮಗ ಆ ಸುದ್ದಿ ಪೂರ್ತಿ ಓದಿ ಹೇಳಿದ. ಆಲ್ಬುಕರ್ಕಿಯ ಪೊಲೀಸ್ ಮುಖ್ಯಸ್ಥರೇ ಜನ ಸಾಲದು ಅಂತ ಕೇಳಿಕೊಂಡಿದ್ದರು. 2025ರ ಏಪ್ರಿಲ್‌ನಲ್ಲಿ ಆ ನ್ಯೂ ಮೆಕ್ಸಿಕೋ ರಾಜ್ಯದ ಗವರ್ನರ್ ಮಿಶೆಲ್ ಲೂಹಾನ್ ಗ್ರಿಶಮ್ ಒಪ್ಪಿದರು. ಕಳಿಸಿದ್ದು 60-70 ಜನ. ಮಿಲಿಟರಿ ಡ್ರೆಸ್ ಇಲ್ಲ, ಪೋಲೋ ಶರ್ಟ್. ಅಪರಾಧ ನಡೆದ ಜಾಗಕ್ಕೆ ಕಾವಲು, ಟ್ರಾಫಿಕ್, ಕೈದಿಗಳನ್ನು ಸಾಗಿಸೋದು, ಇಂಥವು. ಅಂದರೆ ಹಗ್ಗ ಹಿಡಿಯೋ ಕೆಲಸ. ಅಷ್ಟು ಪೊಲೀಸರು ಕಳ್ಳನನ್ನು ಹಿಡಿಯೋಕೆ ಬಿಡುವಾಗುತ್ತಾರೆ. ಅವರೂ ಅದೇ ರಾಜ್ಯದವರು, ಅಲ್ಲಿಯ ಮಾತು ಬರುತ್ತೆ. ಆದ್ದರಿಂದ ವಾಪಸ್ ಕರೆಸಬೇಡ, ಓದು ಮುಗಿಸಲಿ.

ರಾತ್ರಿ ಸೆಂಟ್ರಲ್ ಅವೆನ್ಯೂ ಕಡೆ ಒಬ್ಬಳೇ ನಡೆದು ಹೋಗೋದು ಬೇಡ, ಆ ಪಡೆಯನ್ನು ಕರೆಸಿದ್ದೇ ಆ ರಸ್ತೆಗೆ. ಏನಾದರೂ ಆದರೆ ಅಲ್ಲಿಯ ತುರ್ತು ನಂಬರ್ 911. ಯೂನಿವರ್ಸಿಟಿ ಐಡಿ, ಅಮೆರಿಕಕ್ಕೆ ಬಂದ ದಾಖಲೆಯ ಐ-94 ಕಾಗದ ಚೀಲದ ತಳದಲ್ಲಿ ಬೇಡ, ಕುತ್ತಿಗೆಗೆ ಹಾಕಿಕೊಳ್ಳೋ ಪೌಚ್‌ನಲ್ಲಿ ಇಡಲಿ. ಇದನ್ನು ಅವಳಿಗೆ ಕಳಿಸು ತಂಗೀ. ಭಾವನವರ ವಿಷಯ ಬಂದಿರೋ ಭಾಗ ಕತ್ತರಿಸೋಕೆ ಬರುತ್ತಾ ನೋಡು.