ಮೋಲ್ಡ್ ಫ್ಲೋ ಸಾಫ್ಟ್‌ವೇರ್ ಕೊಳ್ಳೋದಾ, ಹೊರಗೆ ಮಾಡಿಸೋದಾ? ಅನುಭವ ಇರೋರು ಹೇಳಿ

ಪೀಣ್ಯ ಟೂಲ್‌ರೂಮ್: ನಮ್ಮದು 9 ಜನರ ಪ್ಲಾಸ್ಟಿಕ್ ಮೋಲ್ಡ್ ಶಾಪ್. ಅಚ್ಚಿನೊಳಗೆ ಪ್ಲಾಸ್ಟಿಕ್ ಹೇಗೆ ಹರಿಯುತ್ತೆ ಅಂತ ಕಂಪ್ಯೂಟರಲ್ಲಿ ಮೊದಲೇ ನೋಡಿದ ಫ್ಲೋ ರಿಪೋರ್ಟ್ ಇಲ್ಲದೆ ಆರ್ಡರ್ ಇಲ್ಲ ಅಂತಿದ್ದಾರೆ ಗಿರಾಕಿ. ಲೈಸೆನ್ಸ್ ತಗೊಳ್ಳಲಾ?

ಬೆಳಗಾವಿ ಫೌಂಡ್ರಿ: ತಗೊಳ್ಳಿ. ಉದ್ಯಮಬಾಗ್‌ನಲ್ಲಿ ನಮ್ಮ ಫೌಂಡ್ರಿ. 2019ರಲ್ಲಿ ಪಂಪ್ ಕೇಸಿಂಗ್ ಆರ್ಡರ್ ಬಂತು, ಎಸ್‌ಜಿ ಐರನ್ (ಒಂದು ಬಗೆಯ ಎರಕದ ಕಬ್ಬಿಣ), 38 ಕೆ.ಜಿ. ಫ್ಲಾಂಜ್ (ಬೋಲ್ಟ್ ಹಾಕುವ ಅಂಚು) ಬುಡದಲ್ಲಿ ಶ್ರಿಂಕೇಜ್, ಅಂದರೆ ಲೋಹ ಗಟ್ಟಿಯಾಗುವಾಗ ಕುಗ್ಗಿ ಉಳಿಯುವ ಟೊಳ್ಳು. ಹೊರಗೆ ಏನೂ ಕಾಣಲ್ಲ, ಮಷಿನಿಂಗ್ ಆದಮೇಲೆ ತೂತು. 7 ಟ್ರಯಲ್ ಮಾಡಿದೆವು, 4 ಸಲ ಪ್ಯಾಟರ್ನ್ (ಮರಳಲ್ಲಿ ಅಚ್ಚೊತ್ತುವ ಮಾದರಿ) ತಿದ್ದಿದೆವು. 2,86,000 ರೂಪಾಯಿ ಹೋಯಿತು, ಫರ್ನೇಸ್ ಕರೆಂಟ್ ಬೇರೆ. ಕೊನೆಗೆ ಸಾಲ ಮಾಡಿ ಎರಕದ ಸಾಫ್ಟ್‌ವೇರ್ ತಗೊಂಡೆ. ಕುಗ್ಗುವಾಗ ಲೋಹ ಒದಗಿಸೋ ರೈಸರ್‌ನ ನೆಕ್ (ಕುತ್ತಿಗೆ) ಬೇಗ ಗಟ್ಟಿಯಾಗಿ, ಒಳಗಿನ ದಪ್ಪ ಜಾಗಕ್ಕೆ ಲೋಹ ಇಳಿಯುತ್ತಲೇ ಇರಲಿಲ್ಲ. ಅದು ಸ್ಕ್ರೀನ್ ಮೇಲೆ ಮೊದಲ ದಿನವೇ ಕಾಣಿಸಿತು. ನೆಕ್ಕನ್ನು 6 ಮಿ.ಮೀ. ಹೆಚ್ಚು ದಪ್ಪ ಮಾಡಿದೆವು. ಎಂಟನೇ ಎರಕ ಸರಿ ಬಂತು.

ಬೊಮ್ಮಸಂದ್ರ ಮೋಲ್ಡರ್: ನಾನು ಅದನ್ನು ನಂಬಿ ಕೈ ಸುಟ್ಟುಕೊಂಡವನು. 30% ಗ್ಲಾಸ್ ನಾರು ಬೆರೆಸಿದ ನೈಲಾನ್ ಕವರ್. ರಿಪೋರ್ಟ್‌ನಲ್ಲಿ ವಾರ್ಪೇಜ್ (ಸೊಟ್ಟಾಗೋದು) 0.4 ಮಿ.ಮೀ., ಪಾರ್ಟ್‌ನಲ್ಲಿ 1.3. ಗಿರಾಕಿಯ ನೈಲಾನ್ ಗ್ರೇಡ್ ಬೇರೆ, ಸಾಫ್ಟ್‌ವೇರಿನ ಮಟೀರಿಯಲ್ ಲೈಬ್ರರಿಯಿಂದ ನಾವು ಆರಿಸಿದ್ದು ಬೇರೆ. ಗ್ಲಾಸ್ ನಾರು ಹರಿಯುವ ದಿಕ್ಕಿಗೆ ಮಲಗುತ್ತದೆ. ಆ ಕಡೆ ಕುಗ್ಗೋದು ಕಡಿಮೆ, ಅಡ್ಡಕ್ಕೆ ಜಾಸ್ತಿ. ಪಾರ್ಟ್ ಸೊಟ್ಟ ಆಗೋದೇ ಅಲ್ಲಿ. ಗೇಟ್ (ಅಚ್ಚಿಗೆ ಪ್ಲಾಸ್ಟಿಕ್ ಒಳಬರುವ ಬಾಯಿ) ಜಾಗ ಬದಲಿಸಿ, ಹಳೆಯದಕ್ಕೆ ವೆಲ್ಡ್ ಹಾಕಿ, ಮತ್ತೆ ಸ್ಪಾರ್ಕ್ ಹೊಡೆಸಿದ್ದಕ್ಕೆ (ವಿದ್ಯುತ್ ಕಿಡಿಯಿಂದ ಅಚ್ಚು ಕೊರೆಸಿದ್ದಕ್ಕೆ) 1,74,500. ಇನ್ನೂ 22 ದಿನ ತಡ, ಅದರ ಪೆನಾಲ್ಟಿ ಬೇರೆ.

ಎಫ್‌ಇಎ 11 ವರ್ಷ: ತಪ್ಪು ಡೇಟಾ ಕೊಟ್ಟು ಸಾಫ್ಟ್‌ವೇರನ್ನು ಬೈದರೆ ಹೇಗೆ? 1991ರ ಆಗಸ್ಟ್ 23ರಂದು ನಾರ್ವೆಯಲ್ಲಿ ಸ್ಲೈಪ್ನರ್ ಎ ತೈಲ ಪ್ಲಾಟ್‌ಫಾರ್ಮಿನ ಕಾಂಕ್ರೀಟ್ ತಳ ಮುಳುಗಿತು. ಅದರ ಲೆಕ್ಕವನ್ನೂ ಎಫ್‌ಇಎಯಲ್ಲಿ, ಅಂದರೆ ರಚನೆಯನ್ನು ಸಣ್ಣ ತುಂಡುಗಳ ಜಾಲವಾಗಿ (ಮೆಶ್) ಒಡೆದು ಕಂಪ್ಯೂಟರಲ್ಲಿ ಹಾಕಿದ್ದರು. ಆ ಮೆಶ್ ಒರಟಾಗಿತ್ತು. ಗೋಡೆ ಸೇರುವ ಜಾಗದಲ್ಲಿ ಶಿಯರ್ (ಕತ್ತರಿಸುವ ಬಲ) 47% ಕಡಿಮೆ ಲೆಕ್ಕ ಬಂತು, ಕಂಬಿಯೂ ಸಾಲಲಿಲ್ಲ. ಅದಕ್ಕೇ ನಾನು ಮೆಶ್ ಸಣ್ಣ ಮಾಡಿ ಮತ್ತೆ ಓಡಿಸದೆ, ಕೈಲೆಕ್ಕ ಹಾಕದೆ ರಿಪೋರ್ಟಿಗೆ ಸಹಿ ಹಾಕಲ್ಲ.

ಬೊಮ್ಮಸಂದ್ರ ಮೋಲ್ಡರ್: ನನ್ನ ಕವರ್‌ಗೂ ಕಾಂಕ್ರೀಟಿಗೂ ಏನು ಸಂಬಂಧ ಸಾರ್? ದುಡ್ಡು ಕಳ್ಕೊಂಡವನಿಗೆ ಪಾಠ ಮಾಡಬೇಡಿ.

ಎಫ್‌ಇಎ 11 ವರ್ಷ: ಪಾಠ ಅಲ್ಲ. ರೈಸರ್ ನೆಕ್ಕೂ ಅಷ್ಟೇ. ಮಾಡ್ಯುಲಸ್ (ಘನಗಾತ್ರವನ್ನು ತಣಿಯುವ ಮೇಲ್ಮೈಯಿಂದ ಭಾಗಿಸಿದ್ದು) ಲೆಕ್ಕ ಹಾಕಿದ್ದರೆ ಕಾಗದದ ಮೇಲೇ ಸಿಗುತ್ತಿತ್ತು. ಮೇಸ್ತ್ರಿಗೆ ಅಷ್ಟೂ ಗೊತ್ತಿರಲಿಲ್ವಾ?

ಬೆಳಗಾವಿ ಫೌಂಡ್ರಿ: ಆ ಮೇಸ್ತ್ರಿ ನಮ್ಮ ತಂದೆ. 41 ವರ್ಷ ಮರಳಲ್ಲಿ ಕೈಯಿಟ್ಟವರು. ನೂರಾರು ಪ್ಯಾಟರ್ನ್ ಮಾಡಿದವರು, ಒಂದು ಕಡೆ ಅಂದಾಜು ತಪ್ಪಿತು. ಅವರ ಬಗ್ಗೆ ಹೀಗೆ ಬರೆಯಬೇಡಿ. ಈಗಲೂ ಸ್ಕ್ರೀನಲ್ಲಿ ಬಂದಿದ್ದನ್ನು ಅವರಿಗೆ ತೋರಿಸದೆ ನಾನು ಎರಕ ಹೊಯ್ಯಲ್ಲ.

ಎಫ್‌ಇಎ 11 ವರ್ಷ: ತಂದೆಯವರು ಅಂತ ಗೊತ್ತಿರಲಿಲ್ಲ, ಕ್ಷಮಿಸಿ. ಲೆಕ್ಕದ ಮಾತು ಮಾತ್ರ ವಾಪಸ್ ತಗೊಳ್ಳಲ್ಲ.

ಪೀಣ್ಯ ಟೂಲ್‌ರೂಮ್: ಹೊರಗೆ ಮಾಡಿಸಿದರೆ ಮಟೀರಿಯಲ್ ಡೇಟಾ ಯಾರು ಕೊಡಬೇಕು?

ಬೊಮ್ಮಸಂದ್ರ ಮೋಲ್ಡರ್: ಗಿರಾಕಿ ಕೊಡಬೇಕು. ಗ್ರೇಡ್ ನಂಬರ್ ಸಮೇತ ಮೇಲ್‌ನಲ್ಲಿ ತರಿಸಿಕೊಳ್ಳಿ. ನನಗೆ ಫೋನಲ್ಲಿ ಹೇಳಿದ್ದರು.