ಇಂಗ್ಲಿಷಿನಲ್ಲಿ ಯಾವ ಪದಕ್ಕೆ ಯಾವ ಪದ ಜೋಡಿ? ನಿಮ್ಮ ಅನುಭವ ಹೇಳಿ

ಪ್ರಶ್ನೆ: ಕನ್ನಡ ಮಾಧ್ಯಮದಲ್ಲಿ ಓದಿದವಳು ನಾನು. ಗ್ರಾಮರ್ ಪರವಾಗಿಲ್ಲ, ಪದಗಳೂ ಗೊತ್ತು. ಆದರೆ ಮೇಕ್ ಹೋಮ್‌ವರ್ಕ್ ಅನ್ನಬೇಕಾ, ಡೂ ಹೋಮ್‌ವರ್ಕ್ ಅನ್ನಬೇಕಾ ಅನ್ನೋ ಕಡೆ ನಿಂತುಬಿಡುತ್ತೇನೆ. ನೀವೆಲ್ಲ ಹೇಗೆ ಕಲಿತಿರಿ?

ಉತ್ತರ: ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನಮ್ಮ, ಈ ತೊಡಕು ಪ್ರತಿ ವರ್ಷ ನೋಡುತ್ತೇನೆ. ನಮಗೆ ‘ಮಾಡು’ ಒಂದಿದ್ದರೆ ಸಾಕು, ಊಟ, ಸ್ನಾನ, ತಪ್ಪು, ಜಗಳ, ಫೋನ್ ಎಲ್ಲಕ್ಕೂ ಅದೇ ನಡೆಯುತ್ತದೆ. ಇಂಗ್ಲಿಷಿನಲ್ಲಿ ಹೋಮ್‌ವರ್ಕ್‌ಗೆ ಡೂ, ಮಿಸ್ಟೇಕ್‌ಗೆ ಮೇಕ್, ಸ್ನಾನಕ್ಕೆ ಬ್ರಿಟನ್ನಿನಲ್ಲಿ ಹ್ಯಾವ್ ಎ ಬಾತ್ ಜಾಸ್ತಿ, ಅಮೆರಿಕದಲ್ಲಿ ಟೇಕ್ ಎ ಬಾತ್. ಕಾರಣ ಹುಡುಕುತ್ತ ಕೂರಬೇಡಿ, ರೂಢಿ ಅಷ್ಟೇ. ನೋಟ್‌ಬುಕ್ಕಿನಲ್ಲಿ ‘ಡಿಸಿಷನ್ ಅಂದ್ರೆ ನಿರ್ಧಾರ’ ಅಂತ ಬರೆದು ಸುಮ್ನೆ ಮುಂದೆ ಹೋಗಬೇಡಿ. ಪುಟದ ಮೇಲೆ ಡಿಸಿಷನ್ ಬರೆದು ಕೆಳಗೆ ಅದರ ಬಳಗವನ್ನೆಲ್ಲ ಸೇರಿಸಿ: ಮೇಕ್ ಎ ಡಿಸಿಷನ್, ರೀಚ್ ಎ ಡಿಸಿಷನ್, ಟಫ್ ಡಿಸಿಷನ್, ಫೈನಲ್ ಡಿಸಿಷನ್. ಒಂದೊಂದಕ್ಕೂ ನಿಮ್ಮ ಮನೆಯ ವಿಷಯವನ್ನೇ ಹಾಕಿ ಒಂದು ವಾಕ್ಯ ಬರೆಯಿರಿ. ಇಂಥ ಜೋಡಿಗೆ ಕೊಲೊಕೇಶನ್ ಅನ್ನುತ್ತಾರೆ. ಇದಕ್ಕೇ ಅಂತ ಆಕ್ಸ್‌ಫರ್ಡಿನವರ ಒಂದು ನಿಘಂಟಿದೆ, 2002ರಲ್ಲಿ ಮೊದಲು ಬಂತು. ಅದರಲ್ಲಿ ನಾಮಪದ ಹುಡುಕಿ, ಹೊಂದುವ ಕ್ರಿಯಾಪದಗಳು ಅಲ್ಲೇ ಸಿಗುತ್ತವೆ.

ಉತ್ತರ: ಮೇಷ್ಟ್ರು ಹೇಳಿದ್ದು ಸರಿ. ಆದರೆ ಇಡೀ ನಿಘಂಟು ಹಿಡಿಯುವ ಮೊದಲು ನಿಮ್ಮ ಕೆಲಸಕ್ಕೆ ಬೇಕಾದ್ದನ್ನು ಕಲಿಯಿರಿ. ನಾನು ಇಂಗ್ಲೆಂಡಿನಲ್ಲಿ ನರ್ಸ್. ಇಲ್ಲಿ ರಕ್ತ ತೆಗೆಯೋದಕ್ಕೆ ಟೇಕ್ ಬ್ಲಡ್, ಗಾಯದ ಪಟ್ಟಿ ಬದಲಿಸೋದಕ್ಕೆ ಚೇಂಜ್ ದ ಡ್ರೆಸ್ಸಿಂಗ್. ಮಗುವಿನ ಮೈ ಸುಡುತ್ತಿದ್ದರೆ ತಾಯಿ ಬಂದು ಹೇಳೋದು ‘ಶೀ ಹ್ಯಾಸ್ ಎ ಟೆಂಪರೇಚರ್’ ಅಂತ. ಫೀವರ್ ಅಂದರೂ ತಪ್ಪಲ್ಲ, ಕಿವಿಗೆ ಬೀಳೋದು ಮಾತ್ರ ಇದೇ ಜಾಸ್ತಿ. ಡ್ಯೂಟಿ ಬದಲಾಗುವಾಗ ಒಬ್ಬರು ಇನ್ನೊಬ್ಬರಿಗೆ ವಾರ್ಡಿನ ವಿಷಯ ಒಪ್ಪಿಸುತ್ತಾರಲ್ಲ, ಆಗ ಕಿವಿಗೆ ಬಿದ್ದ ಇಂಥ ಮಾತುಗಳನ್ನು ನೆನಪಿಟ್ಟುಕೊಂಡು, ಮನೆಯಲ್ಲಿ ಅಡುಗೆ ಮಾಡುತ್ತ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ. ಬಾಯಿಗೆ ಬಂದಿದ್ದು ಮರೆಯೋದಿಲ್ಲ ಅಕ್ಕ, ಬರೀ ಓದಿದ್ದು ಮರೆತುಹೋಗುತ್ತೆ.

ಉತ್ತರ: ನನ್ನದೊಂದು ಸಣ್ಣ ಮಾತು. ಬೆಂಗಳೂರಿನಲ್ಲಿ ‘ಪುಟ್ ದ ಫ್ಯಾನ್’ ಅಂದರೆ ಎಲ್ಲರಿಗೂ ಅರ್ಥವಾಗುತ್ತೆ, ಫ್ಯಾನ್ ಹಾಕು ಅಂತೀವಲ್ವಾ, ಅದೇ ಇದು. ಹಾಗೆ ಮಾತಾಡುವವರನ್ನು ಯಾರೂ ಆಡಿಕೊಳ್ಳಬಾರದು, ನನಗೆ ಅದು ಕಂಡರೆ ಸಿಟ್ಟು ಬರುತ್ತೆ. ಹೊರಗಿನವರ ಹತ್ತಿರ ಟರ್ನ್ ಆನ್ ದ ಫ್ಯಾನ್ ಅನ್ನಿ, ಸಾಕು. ಪರೀಕ್ಷೆಗೆ ಬರೆಯುವವರಾದರೆ ‘ಡಿಸ್ಕಸ್ ಅಬೌಟ್’ ಬಿಡಿ, ಡಿಸ್ಕಸ್ ಆದಮೇಲೆ ನೇರವಾಗಿ ವಿಷಯವೇ ಬರಬೇಕು.